ಕಳ್ಳನ ಬಾಯಿಗೆ ಮೈಕ್ ಹಿಡಿದದ್ದು ಯಾರು?

ಕೊಡಗಿನಲ್ಲಿ ಪೊಲೀಸ್ ಪಿಚ್ಚರ್ ನೋಡೋದು ಬೇರೆ ಊರಿನಲ್ಲಿ ನೋಡಿದ ಹಾಗಲ್ಲ. ಬೇರೆ ಕಡೆ ಜನ ಹೀರೋ ಮುಖ ನೋಡುತ್ತಾರೆ. ಇಲ್ಲಿ ಮೊದಲು ಅವನ ಕೋವಿ ನೋಡುತ್ತಾರೆ. ಆಮೇಲೆ ಅದನ್ನು ಹಿಡಿದ ಕೈ ನೋಡುತ್ತಾರೆ. ಮುಖದ ತನಕ ಬರುವ ಹೊತ್ತಿಗೆ ಇಂಟರ್ವಲ್ ಆಗಿರುತ್ತದೆ.

ಅದರಲ್ಲಿ ತಪ್ಪೇನಿಲ್ಲ ಬಿಡಿ. ಇದು ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದ ನಾಡು. ಸುಗ್ಗಿ ಹಬ್ಬ ಪುತ್ತರಿಯ ದಿನ ಗದ್ದೆಯಲ್ಲಿ ಕದಿರು ಕೊಯ್ಯುವಾಗಲೂ ಕೋವಿ ಮಾತಾಡಲೇಬೇಕು. ಸೆಪ್ಟೆಂಬರ್ 3ರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಕೊಡವರಿಗೂ ವಂಶದಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ, 2029ರ ಅಕ್ಟೋಬರ್ ತನಕ, ಮುಂದುವರಿಸಿದೆ. ಆದರೆ ವಿನಾಯಿತಿ ಕೊಟ್ಟದ್ದು ಕೋವಿಗೆ ಮಾತ್ರ. ಅಭಿಪ್ರಾಯಕ್ಕೂ ಕೊಟ್ಟಿದ್ದಾರೆ ಅಂತ ಊರೆಲ್ಲ ತಿಳಿದುಕೊಂಡಿದೆ. ಅದರಲ್ಲಿ ಕೊಡವರು, ಗೌಡರು, ಜಮ್ಮಾ ಇದ್ದವರು, ಇಲ್ಲದವರು, ನನ್ನ ಹಾಗೆ ಬಯಲುಸೀಮೆಯಿಂದ ವರ್ಗವಾಗಿ ಬಂದ ಮೇಷ್ಟ್ರು ಎಂಬ ಭೇದ ಇಲ್ಲ.

ಮಳೆಗಾಲದ ಆಟಿ ತಿಂಗಳ 18ರ ಸಂಜೆ. ಕೊಡವರ ಲೆಕ್ಕದಲ್ಲಿ ಕಕ್ಕಡ 18. ಹೊರಗೆ ಮೂರು ದಿನದಿಂದ ಬಿಡದ ಮಳೆ. ಸುಬೇದಾರ್ ಮಾವನ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ. ಪಾಯಸದ ನೇರಳೆ ಬಣ್ಣ ತುಟಿಗೂ ಹತ್ತಿಕೊಂಡು ಎಲ್ಲರೂ ಟಿವಿ ಮುಂದೆ ಕೂತೆವು. ಹಾಕಿದ್ದು 2003ರ ಹಾಲಿವುಡ್ ಚಿತ್ರ ‘ಸ್ವಾಟ್’. ಲಾಸ್ ಏಂಜಲೀಸ್ ಪೊಲೀಸರು 1967ರಲ್ಲಿ ಕಟ್ಟಿದ ವಿಶೇಷ ಪಡೆಯ ಹೆಸರೇ ಅದು. ಒತ್ತೆಯಾಳು, ಬ್ಯಾಂಕ್ ದರೋಡೆ, ಮನೆಯೊಳಗೆ ಕೂತು ಗುಂಡು ಹಾರಿಸುವವರು, ಇಂಥ ಕೇಸುಗಳಿಗೆ ಮಾತ್ರ ಹೋಗುವ ತಂಡ. ಮೊದಲು ಹೆಸರಿನಲ್ಲಿ ‘ಅಟ್ಯಾಕ್’ ಅಂತ ಇತ್ತಂತೆ. ಕೇಳುವವರಿಗೆ ತೀರಾ ಒರಟಾಯಿತು ಅಂತ ‘ಸ್ಪೆಷಲ್ ವೆಪನ್ಸ್ ಅಂಡ್ ಟ್ಯಾಕ್ಟಿಕ್ಸ್’ ಮಾಡಿದರು. ಸರ್ಕಾರಿ ಕೆಲಸ ಎಲ್ಲ ಕಡೆ ಒಂದೇ, ಮೊದಲು ಬೋರ್ಡು ಸರಿಮಾಡುತ್ತಾರೆ.

ಕಥೆ ಇಷ್ಟೇ. ಒಬ್ಬ ದೊಡ್ಡ ಡ್ರಗ್ಸ್ ಕುಳ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ. ಅವನನ್ನು ಕರೆದೊಯ್ಯುವಾಗ ಟಿವಿ ಕ್ಯಾಮೆರಾಗಳ ಮುಂದೆ ಕೂಗುತ್ತಾನೆ: ನನ್ನನ್ನು ಬಿಡಿಸಿದವರಿಗೆ 10 ಕೋಟಿ ಡಾಲರ್! ಊರಿನ ಪುಂಡರೆಲ್ಲ ಬಂದೂಕು ಎತ್ತಿಕೊಂಡು ರಸ್ತೆಗೆ ಇಳಿಯುತ್ತಾರೆ. ಅವರ ನಡುವಿನಿಂದ ಸ್ವಾಟ್ ತಂಡ ಅವನನ್ನು ಜೈಲಿಗೆ ಮುಟ್ಟಿಸಬೇಕು.

ಸುಬೇದಾರ್ ಮಾವ ಸೇನೆಯಿಂದ ನಿವೃತ್ತರಾಗಿ ಹದಿನೈದು ವರ್ಷವಾಯಿತು. ಅವರಿಗೆ ಪಿಚ್ಚರ್ ಶುರುವಾಗೋದು ಮೊದಲ ಗುಂಡಿನಿಂದ. ಜೋರಾಗಿ ಎಣಿಸುತ್ತಾರೆ. ಬ್ಯಾಂಕ್ ದರೋಡೆಯ ಸೀನಿನಲ್ಲಿ ನಮಗೆ ಡೈಲಾಗ್ ಕೇಳಿಸಲೇ ಇಲ್ಲ. “ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು... ಮ್ಯಾಗಜೀನ್ ಖಾಲಿ. ಮೂವತ್ತೊಂದು! ಇದೇನು ಕೋವಿಯಾ, ಅಕ್ಷಯ ಪಾತ್ರೆಯಾ?” ಒಬ್ಬ ಬಾಗಿಲು ಒದ್ದು ಒಳಗೆ ನುಗ್ಗಿದ. “ಬಾಗಿಲ ಹಿಂದೆ ಯಾರು ನೋಡೋದು? ನಿಮ್ಮಪ್ಪನಾ?” ಟಿವಿಗೆ ಹೀಗೆ ಬೈದು ನಮ್ಮ ಕಡೆ ತಿರುಗಿ, “ನಮ್ಮ ಯೂನಿಟ್‌ನಲ್ಲಾಗಿದ್ರೆ ಏಳು ದಿನ ಪಿಟ್ಟೂ” ಅಂದರು. ಬೆನ್ನಿಗೆ ಮೂಟೆ ಕಟ್ಟಿ ಓಡಿಸುವ ಶಿಕ್ಷೆ ಅದು. ಆ ಸಂಜೆ ಹಾಲಿವುಡ್ಡಿನ ಅರ್ಧ ಜನ ಮೈದಾನ ಸುತ್ತುತ್ತಿದ್ದರು.

ತೋಟದ ಲೆಕ್ಕ ಬರೆಯುವ ರೈಟರ್ ದುಡ್ಡಿನ ಮನುಷ್ಯ. 10 ಕೋಟಿ ಡಾಲರ್ ಅಂದಾಗಲೇ ಜೇಬಿನಿಂದ ಪೆನ್ನು ಬಂತು. ಡಾಲರಿಗೆ 85 ರೂಪಾಯಿ ಹಿಡಿದರೆ 850 ಕೋಟಿ. ರೋಬಸ್ಟಾ ಚೆರಿ ಮೂಟೆಗೆ ಹತ್ತು ಸಾವಿರ ಹಿಡಿದರೆ ಎಂಟೂವರೆ ಲಕ್ಷ ಮೂಟೆ. ಪಾಯಸದ ಬಟ್ಟಲು ಪಕ್ಕಕ್ಕಿಟ್ಟು ಯೋಚನೆಗೆ ಬಿದ್ದರು. ಅವರ ಅಭಿಪ್ರಾಯದಲ್ಲಿ ಚಿತ್ರದ ದೊಡ್ಡ ಲೋಪ ಇದು: ಅಷ್ಟು ಕಾಫಿ ಒಣಗಿಸಲು ಕಣ ಎಲ್ಲಿದೆ?

ಕೊನೆಗೆ ವಿಲನ್ನನ್ನು ಹಾರಿಸಿಕೊಂಡು ಹೋಗಲು ಒಂದು ಜೆಟ್ ವಿಮಾನ ಬಂತು. ಬಂದದ್ದೇ ನಡುರಾತ್ರಿ ಊರ ನಡುವಿನ ಸೇತುವೆ ಮೇಲೆ ಇಳಿಯಿತು. ಪಿಕಪ್ ಡ್ರೈವರ್ ಎದ್ದು ನಿಂತ.

“ಸುಳ್ಳು! ನಮ್ಮ ತೋಡಿನ ಸೇತುವೆ ಮೇಲೆ ಲೋಡ್ ಇಲ್ಲದ ಪಿಕಪ್ ತಿರುಗಿಸಕ್ಕಾಗಲ್ಲ. ಇವನು ವಿಮಾನ ಇಳಿಸ್ತಾನಂತೆ!”

ಆಗಲೇ ಕರೆಂಟು ಹೋಯಿತು. ಇನ್ವರ್ಟರ್ ಎರಡು ದಿನದ ಹಿಂದೆಯೇ ಪ್ರಾಣ ಬಿಟ್ಟಿತ್ತು.

ಸುಮ್ನೆ ಕೂರುವುದು ಯಾಕೆ ಅಂತ ನಾನು ಮೇಷ್ಟ್ರುಗಿರಿ ತೋರಿಸಿದೆ. ಆ ಸೇತುವೆ ನಿಜವಾಗಿಯೂ ಇತ್ತು, ಸಿಕ್ಸ್ತ್ ಸ್ಟ್ರೀಟ್ ಸೇತುವೆ ಅಂತ, 1932ರಲ್ಲಿ ಕಟ್ಟಿದ್ದು. ಕಾಂಕ್ರೀಟಿನೊಳಗೇ ರಾಸಾಯನಿಕ ಕ್ರಿಯೆ ನಡೆದು ಬಿರುಕು ಬಿಟ್ಟಿತು, 2016ರಲ್ಲಿ ಕೆಡವಿದರು, 2022ರಲ್ಲಿ ಹೊಸದು ಬಂತು ಅಂತೆಲ್ಲ ವಿವರಿಸಿದೆ. ಕತ್ತಲಲ್ಲಿ ಡ್ರೈವರ್ ತಾಳ್ಮೆಯಿಂದ ಕೇಳಿದ. ಆಮೇಲೆ ಅಂದ: “ನೋಡಿ ಮೇಷ್ಟ್ರೇ, ನಾನು ಹೇಳಲಿಲ್ವಾ? ವಿಮಾನ ಇಳಿಸಿದ್ರೆ ಸೇತುವೆ ಉಳಿಯತ್ತಾ?”

ಕೊನೆಯ ಭಾಗ ನಾವು ಯಾರೂ ನೋಡಲಿಲ್ಲ. ಆದರೂ ಕ್ಲೈಮ್ಯಾಕ್ಸ್ ಬಗ್ಗೆ ಒಂದೂವರೆ ಗಂಟೆ ಚರ್ಚೆ ನಡೆಯಿತು. ಎಳೆದಿದ್ದಾರೆ ಅಂತ ರೈಟರ್. ಆತುರದಲ್ಲಿ ಮುಗಿಸಿದ್ದಾರೆ ಅಂತ ಸುಬೇದಾರ್ ಮಾವ. ಪಕ್ಕದ ಹೋಂಸ್ಟೇಯ ಹುಡುಗ ಒಂದೇ ಮಾತಿನಲ್ಲಿ “ಲಾಜಿಕ್ ಇಲ್ಲ” ಅಂದ. ಅವನು ಬಂದದ್ದು ಕರೆಂಟು ಹೋದ ಮೇಲೆ.

ಸುಬೇದಾರ್ ಮಾವನ ತಾಯಿ, ನಮಗೆಲ್ಲ ಅಜ್ಜಿ, ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಹಾಗಾಗಿ ಕಥೆ ಪೂರ್ತಿ ಅರ್ಥವಾದದ್ದು ಅವರೊಬ್ಬರಿಗೇ. ಮೊಮ್ಮಗಳ ಹತ್ತಿರ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಅಜ್ಜಿ ಒಂದೇ ಪ್ರಶ್ನೆ ಹಾಕಿದರು.

“ಅಲ್ಲ, ಕಳ್ಳನ ಬಾಯಿಗೆ ಮೈಕ್ ಹಿಡಿದದ್ದು ಯಾರು?”

ಯಾರೂ ಉತ್ತರ ಕೊಡಲಿಲ್ಲ. ಸ್ಟಾರ್ ಎಷ್ಟು ಕೊಡೋದು ಅಂತ ಮಾತು ಮುಂದುವರಿಯಿತು.

ಇಲ್ಲೊಂದು ಮಾತು. ನಿಜವಾದ ಕಾರ್ಯಾಚರಣೆ ಪರದೆ ಮೇಲೆ ಬಂದರೆ ನಮಗೆ ಯಾರಿಗೂ ಹಿಡಿಸುವುದಿಲ್ಲ. ವೀರಪ್ಪನ್ ವಿಷಯವೇ ನೋಡಿ. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಒಯ್ದು 108 ದಿನ ಕಾಡಿನಲ್ಲಿ ಇಟ್ಟುಕೊಂಡವನು. ಎರಡು ರಾಜ್ಯದ ಪೊಲೀಸರು ವರ್ಷಗಟ್ಟಲೆ ಹುಡುಕಿದರು. ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ ಅವನು ಕಾಡಿನಿಂದ ತಾನಾಗಿಯೇ ಹೊರಗೆ ಬಂದು ಒಂದು ಆಂಬುಲೆನ್ಸ್ ಹತ್ತಿದ, ಕಣ್ಣಿಗೆ ಚಿಕಿತ್ಸೆ ಬೇಕಾಗಿತ್ತು. ಆ ಆಂಬುಲೆನ್ಸ್ ಪೊಲೀಸರದ್ದೇ. ಧರ್ಮಪುರಿ ಹತ್ತಿರ ತಮಿಳುನಾಡಿನ ಪಡೆ ಕಾದು ಕೂತಿತ್ತು. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮುಗಿಯಿತು. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಇದ್ದದ್ದೇ ಅದರ ಟ್ಯಾಕ್ಟಿಕ್ಸ್. ಇದನ್ನು ಹಾಗೆ ಹಾಗೇ ತೆಗೆದರೆ ಹೋಂಸ್ಟೇ ಹುಡುಗ ಏನೆನ್ನುತ್ತಾನೆ ಗೊತ್ತಲ್ವಾ? “ಬರೀ ಕಾಯೋದೇ ಆಯ್ತು, ಸ್ಕ್ರೀನ್‌ಪ್ಲೇ ಸ್ಲೋ.”

ಮೂರನೇ ದಿನ ಬೆಳಿಗ್ಗೆ ನಮ್ಮ ಊರಿಗೇ ಕಾರ್ಯಾಚರಣೆ ಬಂತು.

ಶಾಲೆ ರಸ್ತೆಯ ಕೆಳಗಿನ ಕಾಫಿ ತೋಟದಲ್ಲಿ ಒಂಟಿ ಸಲಗ. ಹಲಸಿನ ಮರದ ಬುಡದಲ್ಲಿ ನಿಂತು ಕೊನೆಯ ಹಣ್ಣುಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಿತ್ತು. ಒಂದು ಜೀಪಿನಲ್ಲಿ ಅರಣ್ಯ ಇಲಾಖೆಯ ಐದು ಜನರ ತಂಡ ಬಂತು. ಅವರದ್ದೂ ಇಂಗ್ಲಿಷ್ ಹೆಸರೇ, ರ‍್ಯಾಪಿಡ್ ರೆಸ್ಪಾನ್ಸ್ ಟೀಮ್, ಬಾಯಿಮಾತಿಗೆ ಆರ್‌ಆರ್‌ಟಿ. ಹೆಲ್ಮೆಟ್ ಇಲ್ಲ, ಗುಂಡು ತಡೆಯುವ ಅಂಗಿ ಇಲ್ಲ. ಒಂದು ಕೋವಿ, ಒಂದು ವಾಕಿಟಾಕಿ, ಪಟಾಕಿ. ಪಟಾಕಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಬ್ಬ ವಾಚರ್ ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡಿದ್ದ. ಬೆಂಕಿಪೊಟ್ಟಣ ಸ್ಟೀಲಿನ ಟಿಫಿನ್ ಡಬ್ಬಿಯೊಳಗೆ. ಅದೇ ಡಬ್ಬಿಯ ಇನ್ನೊಂದು ಮೂಲೆಯಲ್ಲಿ ಹೊಗೆಸೊಪ್ಪು, ಸುಣ್ಣ. ಕಾಲಿಗೆ ಹತ್ತಿದ ಜಿಗಣೆಗೆ ಅದನ್ನೇ ಉಜ್ಜಿ ಉದುರಿಸುತ್ತಿದ್ದ. ಅವನ ಕಾಲಿನಲ್ಲಿ ಎಷ್ಟು ಕಲೆ ಇತ್ತು ಅಂತ ಸುಬೇದಾರ್ ಮಾವ ಎಣಿಸಲಿಲ್ಲ.

ಆನೆ ಓಡಿಸುವ ತಂತ್ರ ಹೇಳಲು ಸುಲಭ. ಮೂರು ಕಡೆ ಸದ್ದು ಮಾಡಬೇಕು, ಒಂದು ಕಡೆ ಸುಮ್ಮನಿರಬೇಕು. ಸುಮ್ಮನಿರುವ ಕಡೆಯಿಂದ ಆನೆ ಕಾಡಿಗೆ ಹೋಗುತ್ತದೆ. ಸಮಸ್ಯೆ ಏನೆಂದರೆ ಆ ಸುಮ್ಮನಿರಬೇಕಾದ ಕಡೆಯೇ ಸ್ವಲ್ಪ ಏರು. ಅಲ್ಲಿಂದ ಆನೆ ಚೆನ್ನಾಗಿ ಕಾಣುತ್ತದೆ. ಒಂಬತ್ತು ಗಂಟೆಗೆ ಅಲ್ಲಿ ಅರವತ್ತು ಕೊಡೆ ಬಿಚ್ಚಿದ್ದವು. ನನ್ನದೂ ಸೇರಿ, ಸುಳ್ಳು ಯಾಕೆ ಹೇಳಲಿ.

ಅಲ್ಲೂ ವಿಮರ್ಶೆ ಶುರು. “ಎಡಗಡೆಯಿಂದ ಕವರ್ ಕೊಡ್ರೀ!” ಇದು ಸುಬೇದಾರ್ ಮಾವ, ಜೋಡುನಳಿಗೆ ಕೋವಿಯ ಹಾಗೆ ಕೊಡೆಯನ್ನು ಭುಜಕ್ಕೆ ಏರಿಸಿಕೊಂಡು. ಡ್ರೈವರ್ ತನ್ನ ಪಿಕಪ್ಪನ್ನು ತೋಟದ ಗೇಟಿಗೆ ಅಡ್ಡ ತಂದು ನಿಲ್ಲಿಸಿದ. ಯಾಕೆ ಅಂದರೆ ಪಿಚ್ಚರಿನಲ್ಲಿ ಗಾಡಿಗಳನ್ನು ಹಾಗೇ ಅಡ್ಡ ಹಾಕುತ್ತಾರಂತೆ. ಹೋಂಸ್ಟೇ ಹುಡುಗ ಮೊಬೈಲ್ ಎತ್ತಿ ಲೈವ್ ಹೋದ. ಅವನ ಹಿಂದೆ ಬೆಂಗಳೂರಿನಿಂದ ಬಂದ ನಾಲ್ಕು ಜನ ಗಿರಾಕಿಗಳು. ಕೋಣೆ ಬಾಡಿಗೆಯಲ್ಲಿ ಇದೂ ಸೇರಿದೆ ಅನ್ನುವ ಹಾಗೆ ಕುರ್ಚಿ ಕೇಳುತ್ತಿದ್ದರು.

ವಾಚರ್ ಏರು ಹತ್ತಿ ಬಂದು ಕೈ ಮುಗಿದ. “ದಯವಿಟ್ಟು ಗುಂಪು ಸೇರಬೇಡಿ ಸಾರ್. ಇಲ್ಲದಿದ್ರೆ 144 ಹಾಕ್ಬೇಕಾಗತ್ತೆ.”

“144 ಎಲ್ಲಿದೆ ಈಗ?” ರೈಟರ್ ತಿದ್ದಿದರು. “2024ರ ಜುಲೈಯಿಂದ ಹೊಸ ಕಾನೂನು. ಅದು ಈಗ 163.”

ಹೌದು, ಇಲ್ಲ, ಹಳೇ ಕೇಸಿಗೆ ಹಳೇದು, ಹೊಸ ಕೇಸಿಗೆ ಹೊಸದು, ಹಾಗಾದರೆ ಈ ಆನೆ ಹಳೇ ಕೇಸಾ ಹೊಸದಾ ಅಂತ ವಾದ ಬೆಳೆಯಿತು. ವಾದ ಕೇಳಲು ಇನ್ನೂ ಇಪ್ಪತ್ತು ಜನ ಬಂದರು.

ಕೆಳಗೆ ಪಟಾಕಿ ಹೊಡೆದರು. ಮೊದಲನೆಯದು ಟುಸ್ ಅಂತು. “ಛೀ, ಸೌಂಡ್ ಎಫೆಕ್ಟ್ ವೇಸ್ಟ್” ಅಂತ ಹಿಂದಿನಿಂದ ಯಾರೋ. ಎರಡನೆಯದು ಸಿಡಿಯಿತು. ಆನೆ ತಿರುಗಿತು. ಕಾಡಿನ ದಾರಿಗೆ ನಾಲ್ಕು ಹೆಜ್ಜೆ ಇಟ್ಟಿತು. ಎದುರಿಗೆ ಎಂಬತ್ತು ಕೊಡೆ. ಬಣ್ಣ ಬಣ್ಣದ ಕೊಡೆ. ನಿಂತು ಕಿವಿ ಅಗಲಿಸಿತು. ಆ ನಿಮಿಷದಲ್ಲಿ ಮಳೆ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿದ್ದು ಹೋಂಸ್ಟೇ ಹುಡುಗನ ಮೊಬೈಲ್ ರಿಂಗ್‌ಟೋನ್.

ಎಂಬತ್ತು ಜನರಲ್ಲಿ ಯಾರು ಮೊದಲು ಓಡಿದರು ಅನ್ನುವುದರ ಬಗ್ಗೆ ಊರಿನಲ್ಲಿ ಇವತ್ತಿಗೂ ಎರಡು ಅಭಿಪ್ರಾಯ ಇದೆ. ನಾನು ಅದರ ಬಗ್ಗೆ ಮಾತಾಡುವುದಿಲ್ಲ. ಆನೆ ನಮ್ಮನ್ನು ಅಟ್ಟಿಸಿಕೊಂಡು ಬರಲಿಲ್ಲ. ಅದಕ್ಕೆ ಅಷ್ಟು ಪುರುಸೊತ್ತು ಇರಲಿಲ್ಲ. ಬಂದ ದಾರಿಗೇ ತಿರುಗಿ ಗೇಟಿನ ಕಡೆ ಹೋಯಿತು. ಅಲ್ಲಿ ಪಿಕಪ್ ಅಡ್ಡ ಇತ್ತು. ಹಣೆ ಕೊಟ್ಟು ಒಮ್ಮೆ ತಳ್ಳಿತು. ಪಿಕಪ್ ಚರಂಡಿಗೆ ಮಗುಚಿ ನಾಲ್ಕು ಚಕ್ರ ಮೇಲೆ ಮಾಡಿತು. ಆನೆ ರಸ್ತೆ ದಾಟಿ ಆಚೆ ತೋಟಕ್ಕೆ ಹೋಯಿತು, ಅಂದರೆ ಕಾಡಿಗೆ ಪೂರ್ತಿ ಉಲ್ಟಾ ದಿಕ್ಕಿಗೆ.

ಸುಬೇದಾರ್ ಮಾವನ ಮನೆ ಜಗಲಿಯಲ್ಲಿ ನಾವು ಏದುಸಿರು ಬಿಡುತ್ತಿದ್ದಾಗ ಅಜ್ಜಿ ಹೊರಗೆ ಬಂದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೋಂಸ್ಟೇ ಹುಡುಗನ ಹತ್ತಿರ ಬಂದು ನಿಂತು, “ಆನೆ ಬಾಯಿಗೆ ಮೈಕ್ ಹಿಡಿದದ್ದು ನೀನೇನಾ?” ಅಂತ ಕೇಳಿ ಒಳಗೆ ಹೋದರು.

ಸಂಜೆ ಹೊತ್ತಿಗೆ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಅಭಿಪ್ರಾಯಗಳೂ ಬಂದವು. ಆನೆ ಓಕೆ, ಟೀಮ್ ವೀಕ್. ಕ್ಯಾಮೆರಾ ಅಲುಗಾಡಿದೆ. ಪಿಕಪ್ ಸೀನ್ ಒಂದೇ ಸೂಪರ್. ಕ್ಲೈಮ್ಯಾಕ್ಸ್‌ನಲ್ಲಿ ಆನೆ ಕಾಡಿಗೆ ಹೋಗಬೇಕಿತ್ತು, ಲಾಜಿಕ್ ಇಲ್ಲ. ಸರಾಸರಿ ಎರಡೂವರೆ ಸ್ಟಾರ್ ಅಂತ ರೈಟರ್ ಲೆಕ್ಕ ಹಾಕಿ ಹೇಳಿದರು. ಡ್ರೈವರ್ ಮಾತ್ರ ಅಭಿಪ್ರಾಯ ಹೇಳಲಿಲ್ಲ. ಅವನು ಇನ್ಶೂರೆನ್ಸ್‌ನವರಿಗೆ ಫೋನ್ ಹಚ್ಚಿ, “ಆಕ್ಸಿಡೆಂಟ್ ಅಲ್ಲ ಸಾರ್, ಆನೆ... ಇಲ್ಲ, ಆನೆ ಹೆಸರಲ್ಲಿ ಆರ್‌ಸಿ ಇಲ್ಲ” ಅನ್ನುತ್ತಿದ್ದ.

ಕತ್ತಲಾಗುವ ಮೊದಲು ವಾಚರ್ ನಮ್ಮ ಮನೆ ಬಾಗಿಲಿಗೆ ಬಂದ. ಡಬ್ಬಿಯೊಳಗೂ ನೀರು ಹೋಗಿತ್ತು, ಒಣಗಿದ ಬೆಂಕಿಪೊಟ್ಟಣ ಬೇಕಿತ್ತು. ಕೊಟ್ಟೆ. ಒಂದು ಲೋಟ ಕಾಫಿಯನ್ನೂ ಕೊಟ್ಟೆ. ಜಗಲಿ ತುದಿಯಲ್ಲಿ ಕೂತು ಕುಡಿದ. ಆನೆ ರಾತ್ರಿ ಹಲಸಿನ ಮರಕ್ಕೆ ವಾಪಸ್ ಬರತ್ತೆ, ಇನ್ನೂ ಎರಡು ಹಣ್ಣು ಬಾಕಿ ಇದೆ ಅಂದ. ಲೋಟ ತೊಳೆದಿಟ್ಟು ಎದ್ದವನು ತಿರುಗಿ ಕೇಳಿದ.

“ಮೇಷ್ಟ್ರೇ, ಇವತ್ತು ಕರೆಂಟು ಬರತ್ತಾ?”

“ಬರಬಹುದು. ಯಾಕಪ್ಪಾ?”

“ಬಂದ್ರೆ ಎಲ್ಲರಿಗೂ ಆ ಪಿಚ್ಚರಿನ ಕೊನೇ ಭಾಗ ಹಾಕ್ಬಿಡಿ. ಅರ್ಧ ಗಂಟೆ ಒಳಗಿದ್ರೆ ಸಾಕು, ನಾವು ದಾಟಿಸಿಬಿಡ್ತೀವಿ.”