ಮಾರ್ವಾ ಹಾಡಿದ ಬಾಯಿ

ನಿನ್ನೆ ರಾತ್ರಿ ರಂಗಮಂದಿರದಿಂದ ಬಂದವನಿಗೆ ನಿದ್ದೆಯೇ ಹತ್ತಲಿಲ್ಲ. ಅರ್ಧ ಸಂತೋಷಕ್ಕೆ, ಅರ್ಧ ಸಿಟ್ಟಿಗೆ. ಗಾಯಕರ ಹೆಸರು ಹೇಳುವುದಿಲ್ಲ, ರಾಯಚೂರಿನ ಗೆಳೆಯರು ಕೇಳುವುದೂ ಬೇಡ.

ಮೊದಲು ಸಂತೋಷದ ಮಾತು. ಮುಸ್ಸಂಜೆಗೆ ಮಾರ್ವಾ ಎತ್ತಿಕೊಂಡರು. ಪಂಚಮವೆಂಬ ‘ಪ’ ಸ್ವರವೇ ಇಲ್ಲದ, ಷಡ್ಜಕ್ಕೆ, ಅಂದರೆ ಮೂಲಸ್ವರ ‘ಸ’ಕ್ಕೆ, ಬಂದೆ ಬಂದೆ ಎನ್ನುತ್ತಲೇ ಸತಾಯಿಸುವ ರಾಗ. ಅಷ್ಟು ಹೊತ್ತು ಕಾಯಿಸಿ ಕೊನೆಗೆ ಆ ಷಡ್ಜದ ಮೇಲೆ ನಿಂತಾಗ, ನನ್ನ ಪಕ್ಕದಲ್ಲಿದ್ದ, ಬದುಕಿಡೀ ಹತ್ತಿ ದಲಾಲಿ ಮಾಡಿದ ಹಿರಿಯರು ಕಣ್ಣೊರೆಸಿಕೊಂಡರು. ಆ ಕಂಠದ ಬಗ್ಗೆ ನನಗೆ ತಕರಾರಿಲ್ಲ.

ಆಮೇಲೆ ಮೈಕ್ ಗರಗರ ಎಂದಿತು. ಮೈಕ್‌ಸೆಟ್ಟಿನ ಹುಡುಗ, ಇಪ್ಪತ್ತು ತುಂಬಿರಲಿಕ್ಕಿಲ್ಲ, ಬರಿಗಾಲಲ್ಲಿ ಬಗ್ಗಿಕೊಂಡೇ ಓಡಿ ಬಂದ. ತೋರುಬೆರಳಿಗೆ ಕರಿ ಟೇಪ್ ಸುತ್ತಿಕೊಂಡಿದ್ದ. ನಮ್ಮ ಗಾನಸಾಗರರು ಅದೇ ಮೈಕಿನಲ್ಲಿ, ಅದೇ ತುಂಬುಕಂಠದಲ್ಲಿ ಕೇಳಿದರು: “ಅನ್ನ ತಿನ್ನುತ್ತೀಯೋ, ಸಗಣಿ ತಿನ್ನುತ್ತೀಯೋ?” ಸಭೆ ಗೊಳ್ಳೆಂದು ನಕ್ಕಿತು. ಹುಡುಗನೂ ನಕ್ಕ. ನಗಲೇಬೇಕು. ನಮ್ಮಪ್ಪ ಮಾನ್ವಿಯಲ್ಲಿ ಮದುವೆ, ಜಾತ್ರೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದುದು ನಿಮಗೆ ಗೊತ್ತೇ ಇದೆ. ಆ ನಗುವನ್ನು ನಾನು ಮನೆಯಲ್ಲೇ ನೋಡಿ ಬೆಳೆದವನು.

ಮುಂದೆ ಹಾಡಿದ್ದೇನು ಹೇಳಿ? ಆಯ್ದಕ್ಕಿ ಮಾರಯ್ಯನ ವಚನ! ಕಾಯಕದಲ್ಲಿ ತೊಡಗಿದ್ದಾಗ ಗುರು ಎದುರಿಗೆ ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎಂದವನು. ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವನು, ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದವನು. ಆತನ ಕಾಯಕವನ್ನು ಇವರು ಕಣ್ಮುಚ್ಚಿ ಹಾಡುತ್ತಿದ್ದರೆ, ಇತ್ತ ವೇದಿಕೆಯ ಅಂಚಿನಲ್ಲಿ ಹುಡುಗ ಕುಕ್ಕರುಗಾಲಲ್ಲಿ ಕುಳಿತು ವೈರನ್ನು ಒತ್ತಿ ಹಿಡಿದಿದ್ದ. ಕೈ ಬಿಟ್ಟರೆ ಮತ್ತೆ ಗರಗರ. ಮುಕ್ಕಾಲು ಗಂಟೆ ಹಾಗೇ ಹಿಡಿದಿದ್ದ. ಕಣ್ಮುಚ್ಚಿ ಹಾಡುವುದರ ಅನುಕೂಲ ನೋಡಿ!

“ಕಲಾವಿದರ ಸಿಟ್ಟು ಮಾರಾಯಾ, ಅದು ಕಲೆಯ ಕಾವು” ಎಂದ ಜೊತೆಗಿದ್ದ ಗೆಳೆಯ. ಇದ್ದರೂ ಇರಬಹುದು ಎಂದು ಒಂದು ನಿಮಿಷ ನನಗೂ ಅನ್ನಿಸಿತು. ಆದರೆ ಆಲಾಪದ ನಡುವೆ ಮುಖ್ಯ ಅತಿಥಿಗಳು ಹಿಂಬಾಲಕರ ಸಮೇತ ಚಪ್ಪಲಿ ಸದ್ದು ಮಾಡುತ್ತಾ ಬಂದಾಗ ಇದೇ ಕಲಾವಿದರು ಹಾಡು ನಿಲ್ಲಿಸಿ ಎರಡೂ ಕೈ ಮುಗಿದಿದ್ದರಲ್ಲ, ಆಗ ಕಾವು ಎಲ್ಲಿತ್ತು? ಆಳು ನೋಡಿ ಏರುವ ಕಾವು ಅದು.

“ದೊಡ್ಡವರೆಲ್ಲ ಹೀಗೆಯೇ” ಎಂಬುದು ಅವನ ಇನ್ನೊಂದು ವಾದ. ಗೊತ್ತಪ್ಪಾ. ವಾಲ್ಟ್ ಡಿಸ್ನಿಯ ಸ್ಟುಡಿಯೊದಲ್ಲಿ ಸಂಘ ಕಟ್ಟಲು ಹೊರಟ ಚಿತ್ರಕಾರರನ್ನು ಕೆಲಸದಿಂದ ಕಿತ್ತುಹಾಕಿದ್ದಕ್ಕೆ 1941ರ ಮೇ ತಿಂಗಳಲ್ಲಿ ನೂರಾರು ಜನ ಮುಷ್ಕರ ಹೂಡಿದರು. ಆತ ಅದನ್ನು ಮರೆಯಲಿಲ್ಲ. 1947ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಮುಷ್ಕರದ ಮುಂದಾಳುಗಳಿಗೆ ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚಿದ. ಅವನ ಮಿಕ್ಕಿಯನ್ನು ಮಗಳ ಜೊತೆ ಕುಳಿತು ಈಗಲೂ ನೋಡುತ್ತೇನೆ, ನಗುತ್ತೇನೆ. ನಿನ್ನೆಯ ಮಾರ್ವಾವನ್ನೂ ಮತ್ತೆ ಕೇಳುತ್ತೇನೆ. ಹಾಗೆಂದು ಬೈಗುಳಕ್ಕೂ ತಾಳ ಹಾಕಬೇಕೇ?

ಕೇಳುತ್ತೇನೆ ಎಂದೆನಲ್ಲ, ಬೆಳಗಿನ ಜಾವ ಕೇಳಿಯೂ ಕೇಳಿದೆ. ಇಡೀ ಕಛೇರಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಗರಗರ ಇದೆ, ಸಗಣಿಯ ಮಾತು ಇದೆ, ಸಭೆಯ ನಗುವೂ ಇದೆ. ಎಲ್ಲರಿಗಿಂತ ಗಟ್ಟಿಯಾಗಿ ಕೇಳುವುದು ನನ್ನದೇ ನಗು. ಮೊಬೈಲ್ ನನ್ನ ಕೈಯಲ್ಲೇ ಇತ್ತಲ್ಲ.