ಜುಲೈ 21ರ ರೈತ, ಜುಲೈ 26ರ ಯೋಧ

ಜುಲೈ ಬಂತೆಂದರೆ ನಮ್ಮ ನವಲಗುಂದ, ನರಗುಂದ, ಅಣ್ಣಿಗೇರಿ ಕಡೆ ಒಂದೇ ವಾರದಲ್ಲಿ ಎರಡು ಹುತಾತ್ಮರ ದಿನ. 21ಕ್ಕೆ ರೈತರದು. 1980ರಲ್ಲಿ ಮಲಪ್ರಭಾ ಕಾಲುವೆಯ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ ದಿನ. 26ಕ್ಕೆ ಕಾರ್ಗಿಲ್ ವಿಜಯ ದಿವಸ. ಎರಡಕ್ಕೂ ಹಾರ, ಎರಡಕ್ಕೂ ಮೈಕು. 21ರಂದು ಸಾಲ, ಕರ, ರೇಟು, ನೀರು ಅಂತ ಗಂಟಲು ಹರಿಯುವಂತೆ ಮಾತಾಡುವ ನಾವು 26ರಂದು ಅದರಲ್ಲಿ ಒಂದು ಮಾತನ್ನೂ ಎತ್ತುವುದಿಲ್ಲ. ಅವತ್ತು ಬರೀ ಎದೆ, ರಕ್ತ, ಗಡಿ. ಸತ್ತವರು ಮಾತ್ರ ಎರಡೂ ಸಲ ಒಂದೇ ಥರದ ಮನೆಯವರು.

ನನಗೆ ಇದು ಜಾಸ್ತಿ ಚುಚ್ಚಲು ಕಾರಣ ನಮ್ಮ ಕಾಕಾ. ಅಪ್ಪನ ತಮ್ಮ. ನಾನು ಹುಟ್ಟುವ ಮೊದಲೇ, 1971ರ ಯುದ್ಧದಲ್ಲಿ ತೀರಿಕೊಂಡವರು. ಎಂಟು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ, ನಾಲ್ಕು ಜನ ಅಣ್ಣತಮ್ಮಂದಿರು, ಮಳೆ ನಂಬಿದ ಬೇಸಾಯ. ಅರವತ್ತರ ದಶಕದ ಬರದಲ್ಲಿ ಸೊಸೈಟಿಯ ಸಾಲ ಬೆಳೆಯಿತು, ಒಂದು ಎತ್ತು ಸತ್ತಿತು. ಉಳಿದ ಒಂದೇ ಎತ್ತಿಗೆ ಜೋಡಿಯಾಗಿ ಕಾಕಾನೇ ನೊಗಕ್ಕೆ ಹೆಗಲು ಕೊಟ್ಟು ಕುಂಟಿ ಹೊಡೆದಿದ್ದನ್ನು ಅಪ್ಪ ಹೇಳುತ್ತಿದ್ದರು. ಆಮೇಲೆ ಒಂದು ದಿನ ಅಣ್ಣಿಗೇರಿಯಲ್ಲಿ ರೈಲು ಹತ್ತಿ ಬೆಳಗಾವಿಗೆ ಹೋಗಿ ಸೈನ್ಯದ ಮರಾಠಾ ಪಲ್ಟನ್‌ಗೆ ಭರ್ತಿಯಾದರು.

ಊರಲ್ಲಿ ಎಲ್ಲರಿಗೂ ಗೊತ್ತಿರುವುದು ಜಮಾಲಪುರದ ಕಥೆ. ಈಗಿನ ಬಾಂಗ್ಲಾದೇಶದ ಊರು. ನಮ್ಮ ಸೈನ್ಯ ಸುತ್ತುವರಿದು 'ಶರಣಾಗಿ' ಎಂದು ಚೀಟಿ ಕಳಿಸಿತು. ಒಳಗಿದ್ದ ಪಾಕಿಸ್ತಾನದ ಕರ್ನಲ್ ಅದಕ್ಕೆ ಉತ್ತರ ಬರೆದು, ಕಾಗದದೊಳಗೆ ಒಂದು ಗುಂಡನ್ನೂ ಇಟ್ಟು ಕಳಿಸಿದ. ಡಿಸೆಂಬರ್ 10ರ ರಾತ್ರಿ ಅವರು ತಪ್ಪಿಸಿಕೊಳ್ಳಲು ನುಗ್ಗಿದ್ದು ಸೀದಾ ಮರಾಠಾ ಪಲ್ಟನ್ ಕೂತಿದ್ದ ಕಡೆಗೇ. ಆ ರಾತ್ರಿ ಕಾಕಾ ಹೋದರು. ಆರನೇ ದಿನಕ್ಕೆ ಢಾಕಾ ಶರಣಾಯಿತು. ಅದರ ಮರುದಿನ ಎಳ್ಳ ಅಮಾವಾಸ್ಯೆ. ಗೆದ್ದ ಸುದ್ದಿ ರೇಡಿಯೋದಲ್ಲಿ ಬಂದಿತ್ತು, ಟೆಲಿಗ್ರಾಂ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯವರು ಕಡಬು, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಖುಷಿಯಿಂದಲೇ ಚರಗ ಚೆಲ್ಲಿ (ಭೂತಾಯಿಯ ಎಡೆಯನ್ನು ಹೊಲದ ತುಂಬ ಎರಚಿ) ಬಂದರು.

ಆಗ ಯುದ್ಧದಲ್ಲಿ ಸತ್ತವರ ದೇಹವನ್ನು ಊರಿಗೆ ಕಳಿಸುವ ರೂಢಿ ಇರಲಿಲ್ಲ. ಅಲ್ಲೇ ಸಂಸ್ಕಾರ. ಪೆಟ್ಟಿಗೆಗಳು ಊರೂರಿಗೆ ಬರಲು ಶುರುವಾಗಿದ್ದು ಕಾರ್ಗಿಲ್ ಹೊತ್ತಿಗೆ. 2016ರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಆರು ದಿನ ಹಿಮದ ಕೆಳಗಿದ್ದು, ಜೀವಂತ ಸಿಕ್ಕು, ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹುಬ್ಬಳ್ಳಿಯಲ್ಲಿ ಜನಸಾಗರವೇ ಸೇರಿತ್ತು. ಅವರದೂ ರೈತರ ಮನೆ. ಅವರಿಗೆ ತಮ್ಮ ಊರಿನ ಮಣ್ಣಾದರೂ ಸಿಕ್ಕಿತು. ನಮ್ಮ ಆಯಿಗೆ (ಅಜ್ಜಿಗೆ) ಬಂದಿದ್ದು ಒಂದು ಕಬ್ಬಿಣದ ಟ್ರಂಕ್. ಮಣ್ಣು ಕೊಡುವ ಮನೆತನದವರಿಗೆ ಮಣ್ಣು ಕೊಡಲು ಏನೂ ಇಲ್ಲ ಅಂದರೆ ಎಂಥ ಸಂಕಟ, ಯೋಚಿಸಿ.

ಟ್ರಂಕ್‌ನಲ್ಲಿ ಏನಿತ್ತು ಅಂತ ಯಾವ ಭಾಷಣದಲ್ಲೂ ಬರುವುದಿಲ್ಲ. ಒಂದು ಕಂಬಳಿ, ಒಂದು ಮಗ್, ದಾರದಲ್ಲಿ ಕಟ್ಟಿದ ಮನಿಯಾರ್ಡರ್ ಪಾವತಿಗಳು. ಎಲ್ಲವೂ ಅಜ್ಜನ ಹೆಸರಿಗೆ ಕಳಿಸಿದ್ದು. ಜೊತೆಗೆ ಪೋಸ್ಟಿಗೆ ಹಾಕದೇ ಉಳಿದ ಒಂದು ಇನ್‌ಲ್ಯಾಂಡ್ ಪತ್ರ. "ಎಡಗಡಿ ಎತ್ತಿನ ಕಾಲು ಹೆಂಗ ಐತಿ? ಮಾರಬ್ಯಾಡ್ರಿ. ಹಿಂಗಾರಿ ಜೋಳಕ್ಕ ಎಡಿ ಹೊಡದ್ರೇನು? ಮುಂದಿನ ತಿಂಗಳ ರೊಕ್ಕ ಬಂದ ಮ್ಯಾಲೆ ಸೊಸಾಯಟಿ ಬಾಕಿ ಮುಗೀತೈತಿ." ಇಷ್ಟೇ. ಯುದ್ಧದ ಸುದ್ದಿಯೇ ಇಲ್ಲ. (ಟ್ರಂಕನ್ನು ಆಯಿ ಬೀಜದ ಹೆಸರುಕಾಳು ಇಡಲು ಬಳಸಿದರು. ಇಲಿ ಹೋಗಲ್ಲ ಅಂತ. ಈಗಲೂ ಅದರಲ್ಲಿ ಹೆಸರುಕಾಳೇ ಇರುವುದು.)

ಇನ್ನೊಂದು ಕಥೆ ಉತಾರದ್ದು, ಅಂದರೆ ಹೊಲದ ಪಹಣಿಯದ್ದು. ಹೊಲದ ಪಾಲು ಆಗುವಾಗ ಕಾಕಾನ ಹೆಸರು ಕಡಿಮೆ ಮಾಡಿಸಬೇಕಿತ್ತು. ಕಚೇರಿಯಲ್ಲಿದ್ದವರು ಹೇಳಿದ್ದು: ಸತ್ತ ಊರಿನಿಂದ ಮರಣದ ದಾಖಲೆ ತನ್ನಿ! ಬ್ರಹ್ಮಪುತ್ರದ ದಂಡೆಗೆ ಹೋಗಿ ತರಬೇಕಿತ್ತೇನೋ. ಅಪ್ಪ ಬೆಳಗಾವಿಯ ರೆಕಾರ್ಡ್ಸ್ ಆಫೀಸಿಗೆ ಅಲೆದು ಕಾಗದ ತಂದರು. ಅಲ್ಲಿಯವರೆಗೆ ದೇಶಕ್ಕೆ ಪ್ರಾಣ ಕೊಟ್ಟವನು ಕಂದಾಯದ ಲೆಕ್ಕದಲ್ಲಿ ಬದುಕಿದ್ದ ರೈತ.

ಹೋದ ವರ್ಷ 26ರ ಕಾರ್ಯಕ್ರಮದಲ್ಲಿ ನಾನು ಈ ಸಾಲದ ವಿಷಯ ಎತ್ತಿದೆ. ಕೆಳಗಿಳಿದ ಮೇಲೆ ಊರಿನ ಹಿರಿಯರೊಬ್ಬರು ಕೈ ಹಿಡಿದು ಬೈದರು. "ತಮ್ಮಾ, ಹೊಟ್ಟಿಪಾಡಿಗೆ ಹ್ವಾದ ಅಂತ ಹೇಳಿ ಅವನ್ನ ಸಣ್ಣಾಂವ ಮಾಡಬ್ಯಾಡಪಾ." ಅವರ ಮಾತು ಪ್ರೀತಿಯದೇ, ಒಪ್ಪುತ್ತೇನೆ. ಆದರೂ ನನಗೆ ಒಪ್ಪಿಗೆಯಿಲ್ಲದ್ದು ಇಲ್ಲೇ ಇದೆ. ಮನೆಯ ಸಾಲ ತೀರಿಸಲು ಪಲ್ಟನ್ ಸೇರಿದವನು ಸಣ್ಣವನು ಹೇಗಾದ? ಪಗಾರಕ್ಕೆ ಸೇರಿದ್ದು ನಿಜ. ಆ ರಾತ್ರಿ ಜಾಗ ಬಿಟ್ಟು ಏಳಲಿಲ್ಲ ಅನ್ನುವುದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಯಾಕೆ ಮುಚ್ಚಬೇಕು? ಮುಚ್ಚಿದರೆ ಲಾಭ ಯಾರಿಗೆ ಅಂತಲೂ ಕೇಳಿಕೊಳ್ಳಬೇಕು, ಅಲ್ವಾ? ಹುಡುಗ ಸುಮ್ನೆ ದೇಶಪ್ರೇಮದಿಂದಲೇ ಹೋದ ಅಂದುಬಿಟ್ಟರೆ ಹೊಲದಲ್ಲಿ ಯಾಕೆ ಬದುಕಾಗಲಿಲ್ಲ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಹೇಳಬೇಕಿಲ್ಲ.

ಈಗಲೂ ಬೆಳಗಿನ ಐದಕ್ಕೆ ನಮ್ಮ ರಸ್ತೆಯಲ್ಲಿ ಹುಡುಗರು ಓಡುತ್ತಾರೆ. ಸೈನ್ಯದ ಭರ್ತಿಯ 1600 ಮೀಟರ್ ಓಟದ ತಯಾರಿ. 2022ರಿಂದ ಅಗ್ನಿಪಥ ಯೋಜನೆಯಲ್ಲಿ ಭರ್ತಿ ನಾಲ್ಕೇ ವರ್ಷಕ್ಕೆ, ಆಮೇಲೆ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಕೆ. ಉಳಿದ ಮೂವರು ಬರುವುದು ಇದೇ ಹೊಲಕ್ಕೆ. ಕಾಕಾನ ಕಾಲದ ಎಂಟು ಎಕರೆ ಈಗ ನಮ್ಮಲ್ಲೇ ಎಷ್ಟು ತುಂಡಾಗಿದೆಯೋ ನೋಡಿದವರಿಗೆ ಗೊತ್ತು. ಕಾಕಾನ ಬಗ್ಗೆ ಮಾತಾಡುವಾಗ ಈ ಹುಡುಗರೂ ಕೇಳುತ್ತಿರುತ್ತಾರೆ. ಅವರಿಗಾದರೂ ಪೂರ್ತಿ ಕಥೆ ಹೇಳಬೇಡವೇ?

ಈ ಸಲ 26ಕ್ಕೆ ಮತ್ತೆ ಫ್ಲೆಕ್ಸ್ ಮಾಡಿಸುತ್ತಿದ್ದಾರೆ. ಹಿಂದೆ ಫೈಟರ್ ವಿಮಾನ, ಮುಂದೆ ಕಾಕಾ ನೋಡೇ ಇರದ ಬಂದೂಕು, ಮೇಲೆ ಕಾಕಾನಿಗಿಂತ ದೊಡ್ಡದಾಗಿ ಮುಖಂಡರ ಫೋಟೋ. ಹುಡುಗರಿಗೆ ಹೇಳಿದೆ, ಹೆಸರಿನ ಕೆಳಗೆ 'ರೈತ, ಯೋಧ' ಅಂತ ಎರಡೂ ಹಾಕ್ರಪ್ಪಾ. ಹಾಕ್ತೀವಿ ಅಣ್ಣಾ ಅಂದಿದ್ದಾರೆ. ಮುಖಂಡರ ಫೋಟೋ ಸಣ್ಣದು ಮಾಡಲು ಮಾತ್ರ ಆಗುವುದಿಲ್ಲವಂತೆ. ರೊಕ್ಕ ಕೊಟ್ಟವರು ಅವರೇ.