ಮಲೆನಾಡಿನ ಸಿಎನ್‌ಸಿ ಯಂತ್ರಕ್ಕೆ ಎಮರ್ಜೆನ್ಸಿ ಬಟನ್ ಹೇಗಿರಬೇಕು

ಗುಡಿಗಾರರ ಕೆತ್ತನೆಗೆ ಹೆಸರಾದ ಸಾಗರ, ಸೊರಬದ ಕಡೆ ಈಗ ಬಾಗಿಲು ಮತ್ತು ದೇವರ ಮಂಟಪಗಳ ಅಲಂಕಾರವನ್ನು ಕಂಪ್ಯೂಟರಿನ ಆದೇಶದಂತೆ ಚಲಿಸುವ ಸಣ್ಣ ಸಿಎನ್‌ಸಿ ರೂಟರ್‌ಗಳೂ ಕೊರೆಯುತ್ತಿವೆ. ಶಿವಮೊಗ್ಗದಲ್ಲಿ ಇಂಥ ಯಂತ್ರವನ್ನು ಹವ್ಯಾಸಕ್ಕೆಂದು ತಾವೇ ಜೋಡಿಸಿಕೊಂಡ ಗೆಳೆಯರೂ ನನಗಿದ್ದಾರೆ. ನಾನು ನೆಲೆಸಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿಯೂ ಹವ್ಯಾಸಿಗಳ ಬಳಿ ಇರುವುದು ಹೆಚ್ಚುಕಡಿಮೆ ಇದೇ ಸಾಮಗ್ರಿ: ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲ್ ಬೋರ್ಡು, ಅದರಲ್ಲಿ ಕೂತು ಚಲನೆಯನ್ನು ನಿಯಂತ್ರಿಸುವ ಜಿಆರ್‌ಬಿಎಲ್ ತಂತ್ರಾಂಶ, ಅಕ್ಷಗಳ ಸ್ಟೆಪ್ಪರ್ ಮೋಟಾರುಗಳನ್ನು ಓಡಿಸಲು ಚೀನಾದಿಂದ ತರಿಸಿದ ಸ್ಟೆಪ್ಪರ್ ಡ್ರೈವರ್‌ಗಳು. ಆದರೆ ಯಂತ್ರವನ್ನು ತುರ್ತಾಗಿ ನಿಲ್ಲಿಸುವ ಏರ್ಪಾಟಿನಲ್ಲಿ ಎರಡೂ ಕಡೆ ಕಾಣುವ ಅಂತರ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಊರಿಗೆ ಬಂದಾಗ ನಾನು ಹೆಚ್ಚಾಗಿ ಕಂಡ ವೈರಿಂಗ್‌ನಲ್ಲಿ ಕೆಂಪು ಬಟನ್ನಿನ ಎರಡು ತಂತಿಗಳು ನೇರವಾಗಿ ಬೋರ್ಡಿನಲ್ಲಿ ಜಿಆರ್‌ಬಿಎಲ್ ಗಮನಿಸುವ ರೀಸೆಟ್ ಪಿನ್ನಿಗೆ ಹೋಗಿರುತ್ತವೆ. ಒತ್ತಿದಾಗ ತಂತ್ರಾಂಶಕ್ಕೆ ಒಂದು ಸೂಚನೆ ತಲುಪುತ್ತದೆ, ಅದು ಚಲನೆಯನ್ನು ನಿಲ್ಲಿಸುತ್ತದೆ. ಆದರೆ ರೂಟರನ್ನು ಅದರ ಮೈಮೇಲಿನ ಸ್ವಿಚ್ಚಿನಿಂದಲೇ ಚಾಲೂ ಮಾಡಿದ್ದರೆ ಅದು ತಿರುಗುತ್ತಲೇ ಇರುತ್ತದೆ. ಒತ್ತಿದಾಗ ಮಾತ್ರ ಸರ್ಕ್ಯೂಟ್ ಕೂಡುವ ಈ ಕ್ರಮದಲ್ಲಿ ತಂತಿಯನ್ನು ಇಲಿ ಕಡಿದು ಹಾಕಿದ್ದರೂ ಗೊತ್ತಾಗುವುದಿಲ್ಲ. ಬಟನ್ ಕೆಲಸ ಮಾಡುವುದಿಲ್ಲವೆಂದು ತಿಳಿಯುವುದು ಅದನ್ನು ಒತ್ತಬೇಕಾಗಿ ಬಂದ ಗಳಿಗೆಯಲ್ಲೇ. ಇನ್ನೊಂದು ತೊಂದರೆಯೂ ಉಂಟು. ಆ ಪಿನ್ನನ್ನು 5 ವೋಲ್ಟ್‌ನಲ್ಲಿ ಹಿಡಿದಿಡುವ ಒಳಗಿನ ಪುಲ್‌ಅಪ್ ರೆಸಿಸ್ಟರ್ 20ರಿಂದ 50 ಕಿಲೋಓಮ್‌ಗಳಷ್ಟಿದ್ದು, ಬಹಳ ದುರ್ಬಲ. ಬಟನ್ನಿನ ಉದ್ದನೆಯ ತಂತಿ, ಮೋಟಾರಿನ ವೇಗ ನಿಯಂತ್ರಿಸುವ ವಿಎಫ್‌ಡಿಯಿಂದ ಸ್ಪಿಂಡಲ್‌ಗೆ (ಬಿಟ್ ತಿರುಗಿಸುವ ಮೋಟಾರಿಗೆ) ಹೋಗುವ ಕೇಬಲ್ಲಿನ ಪಕ್ಕದಲ್ಲೇ ಹಾದರೆ, ಅಲ್ಲಿನ ವಿದ್ಯುತ್ ನಾಯ್ಸ್ ಸಾಕು, ಯಾರೂ ಮುಟ್ಟದೆಯೇ ಯಂತ್ರ ಕೆಲಸದ ನಡುವೆ ನಿಂತುಬಿಡುತ್ತದೆ. ಅರ್ಧ ಕೊರೆದ ತೇಗದ ಹಲಗೆ ಹಾಳಾದ ಮೇಲೆ ಮಾಲೀಕರು ಬಟನ್ನಿನ ಸಂಪರ್ಕವನ್ನೇ ಕಿತ್ತುಹಾಕುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಕಿತ್ತ ಮೇಲೆ ಉಳಿಯುವುದು ಪೆಟ್ಟಿಗೆಯ ಮೇಲೆ ಕೂತ ಒಂದು ಕೆಂಪು ಪ್ಲಾಸ್ಟಿಕ್ಕು ಮಾತ್ರ.

ಸ್ಟುಟ್‌ಗಾರ್ಟ್‌ನ ಹವ್ಯಾಸಿಗಳಲ್ಲಿ ನಾನು ಬಲ್ಲವರು ಈ ಪಿನ್ನನ್ನು ನೆಚ್ಚುವುದಿಲ್ಲ. ತುರ್ತು ನಿಲುಗಡೆಗೆ ಐಎಸ್‌ಒ 13850, ಯಂತ್ರಗಳ ವಿದ್ಯುತ್ ಭಾಗಕ್ಕೆ ಐಇಸಿ 60204-1 ಎಂಬ ಮಾನದಂಡಗಳಿವೆ; ಕಾರ್ಖಾನೆಗಳಲ್ಲಿ ದುಡಿದವರು ಅದೇ ಅಭ್ಯಾಸವನ್ನು ಮನೆಯ ಗ್ಯಾರೇಜಿಗೂ ತರುತ್ತಾರೆ. ಬಟನ್ನಿನಲ್ಲಿ ಒತ್ತದಿರುವಾಗ ಸದಾ ಕೂಡಿರುವ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಕಾಂಟ್ಯಾಕ್ಟ್ ಇರಬೇಕು, ಒತ್ತಿದ ಬಲದಿಂದಲೇ ಅದು ಬಿಡಿಸಿಕೊಳ್ಳಬೇಕು, ಒತ್ತಿದ್ದು ತಿರುಗಿಸಿ ಬಿಡಿಸುವವರೆಗೆ ಒಳಗೇ ಕಚ್ಚಿಕೊಂಡಿರಬೇಕು, ಬಿಡಿಸಿದ ಮಾತ್ರಕ್ಕೆ ಯಂತ್ರ ಮತ್ತೆ ಓಡಬಾರದು. ಆ ಕಾಂಟ್ಯಾಕ್ಟ್ 24 ವೋಲ್ಟ್‌ನ ಕಂಟ್ರೋಲ್ ಸರ್ಕ್ಯೂಟಿನಲ್ಲಿ ಒಂದು ಕಾಂಟ್ಯಾಕ್ಟರಿನ, ಅಂದರೆ ಕಾಯಿಲ್ಲಿಗೆ ವಿದ್ಯುತ್ತು ಇರುವವರೆಗೆ ಮಾತ್ರ ಕೂಡಿರುವ ದೊಡ್ಡ ಸ್ವಿಚ್ಚಿನ, ಕಾಯಿಲ್ಲಿಗೆ ಸರಣಿಯಲ್ಲಿರುತ್ತದೆ. ಸ್ಪಿಂಡಲ್ ಮತ್ತು ಸ್ಟೆಪ್ಪರ್ ಡ್ರೈವರ್‌ಗಳಿಗೆ ಹೋಗುವ ವಿದ್ಯುತ್ತು ಕಾಂಟ್ಯಾಕ್ಟರಿನ ಮೂಲಕವೇ ಹೋಗುತ್ತದೆ. ತಂತಿ ತುಂಡಾದರೆ ಯಂತ್ರ ನಿಲ್ಲುತ್ತದೆಯೇ ಹೊರತು ಅಪಾಯಕಾರಿಯಾಗಿ ಓಡುವುದಿಲ್ಲ. ಬೋರ್ಡಿಗೆ ಮಾತ್ರ ವಿದ್ಯುತ್ತು ಉಳಿಸಿ, ನಿಂತಿರುವ ಸಂಗತಿಯನ್ನು ಎರಡನೆಯ ಕಾಂಟ್ಯಾಕ್ಟಿನಿಂದ ಅದಕ್ಕೆ ತಿಳಿಸುತ್ತಾರೆ.

ಇದು ಜರ್ಮನಿಯಿಂದ ಹೊತ್ತು ತರಬೇಕಾದ ವಿದ್ಯೆಯೇನಲ್ಲ. ಅಡಿಕೆ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವುದು ಇದೇ: ಹಸಿರು ಬಟನ್ ಒತ್ತಿದರೆ ಕಾಂಟ್ಯಾಕ್ಟರ್ ಎಳೆದುಕೊಂಡು ತನ್ನದೇ ಸಹಾಯಕ ಕಾಂಟ್ಯಾಕ್ಟಿನಿಂದ ತನ್ನನ್ನು ಹಿಡಿದುಕೊಳ್ಳುತ್ತದೆ, ಕೆಂಪು ಒತ್ತಿದರೆ ಅಥವಾ ಕರೆಂಟು ಹೋದರೆ ಬಿಟ್ಟುಬಿಡುತ್ತದೆ, ಕರೆಂಟು ಬಂದರೂ ಯಾರಾದರೂ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ತ್ರೀ ಫೇಸ್ ಬರುವ ಕಾರಣಕ್ಕೆ ನಮ್ಮ ರೈತರು ಅದಕ್ಕೆ ಆಟೋ ಸ್ವಿಚ್ ಸೇರಿಸಿಕೊಂಡದ್ದು ಪಂಪಿನ ಮಟ್ಟಿಗೆ ಅರ್ಥವಾಗುವ ಮಾತು. ಆದರೆ ಕರೆಂಟು ಬಂದೊಡನೆ ತಾನಾಗಿ ಶುರುವಾಗಲಿ ಎಂಬ ಆ ರೂಢಿ ಕೊರೆಯುವ ಯಂತ್ರಕ್ಕೆ ಸಲ್ಲದು. ಮಳೆಗಾಲದಲ್ಲಿ ಮರ ಬಿದ್ದು ತೀರ್ಥಹಳ್ಳಿ, ಹೊಸನಗರದ ಕಡೆ ಲೈನ್ ಹೋಗುವುದು, ಬರುವುದು, ಮತ್ತೆ ಹೋಗುವುದು ಎಷ್ಟು ಸಹಜವೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಕತ್ತಲಲ್ಲಿ ಬಿಟ್ ಬದಲಿಸಲು ಕೈಯಿಟ್ಟವನ ಬೆರಳ ಬಳಿ ರೂಟರ್ ತಾನಾಗಿ ತಿರುಗತೊಡಗುವ ಸಂಭವ, ವಿದ್ಯುತ್ತು ಅಪರೂಪಕ್ಕೆ ಹೋಗುವ ಸ್ಟುಟ್‌ಗಾರ್ಟ್‌ಗಿಂತ ಇಲ್ಲಿಯೇ ಹೆಚ್ಚು. ಆದ್ದರಿಂದ ಕಾಂಟ್ಯಾಕ್ಟರಿನ ಅಗತ್ಯ ಅವರಿಗಿಂತ ನಮಗೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳವಡಿಸುವಾಗ ಕೆಲವು ಎಚ್ಚರಗಳು ಬೇಕು. ವಿಎಫ್‌ಡಿ ಮತ್ತು ಸ್ಪಿಂಡಲ್ ನಡುವೆ ಕಾಂಟ್ಯಾಕ್ಟರ್ ಹಾಕಬಾರದು. ಓಡುತ್ತಿರುವಾಗ ಆ ಸಂಪರ್ಕ ಕಡಿದರೆ ವಿಎಫ್‌ಡಿಯೇ ಸುಡಬಹುದು. ಒಳಬರುವ ಕಡೆ ಕಡಿದರೂ 24,000 ಆರ್‌ಪಿಎಂನಲ್ಲಿದ್ದ ಸ್ಪಿಂಡಲ್ ತನ್ನ ವೇಗದಲ್ಲೇ ಇನ್ನಷ್ಟು ಹೊತ್ತು ತಿರುಗುತ್ತದೆ, ಹಾಗಾಗಿ ವಿಎಫ್‌ಡಿಗೆ ಬ್ರೇಕ್ ಹಾಕುವ ಆದೇಶ ಕೊಟ್ಟು, ಟೈಮರಿನಿಂದ ತುಸು ತಡವಾಗಿ ವಿದ್ಯುತ್ತು ಕಡಿಯುವ ಕ್ರಮವನ್ನೂ ಮಾನದಂಡ ಒಪ್ಪುತ್ತದೆ. ಭಾರದ ಸ್ಪಿಂಡಲ್ ಹೊತ್ತು ಮೇಲೆ ಕೆಳಗೆ ಚಲಿಸುವ ಝಡ್ ಅಕ್ಷ, ಸ್ಟೆಪ್ಪರಿನ ಹಿಡಿತ ತಪ್ಪಿದೊಡನೆ ಕೆಳಗೆ ಜಾರಬಹುದು. ಅದಕ್ಕೆ ಸ್ಪ್ರಿಂಗ್ ಅಥವಾ ಪ್ರತಿಭಾರ ಕೊಡಬೇಕು.

ರಿಪೇರಿಯ ವಿಷಯದಲ್ಲಿ ನನ್ನ ಮೆಚ್ಚುಗೆ ಪೂರ್ತಿ ನಮ್ಮೂರಿನ ಕಡೆಗಿದೆ. ಜರ್ಮನಿಯಲ್ಲಿ ನನ್ನ ಪರಿಚಿತರು ಡ್ರೈವರ್ ಕೆಟ್ಟರೆ ಹೊಸದನ್ನು ತರಿಸುತ್ತಾರೆ. ಶಿವಮೊಗ್ಗದ ಮೆಕ್ಯಾನಿಕ್ಕು ಅದೇ ಬೋರ್ಡನ್ನು ಬಿಚ್ಚಿ, ಸೀರೀಸ್ ಬಲ್ಬಿನ ಮೂಲಕ ವಿದ್ಯುತ್ತು ಕೊಟ್ಟು ನೋಡಿ, ಸಿಡಿಲಿಗೆ ಸುಟ್ಟ ವೇರಿಸ್ಟರ್, ಒಣಗಿದ ಕೆಪಾಸಿಟರ್, ಶಾರ್ಟ್ ಆದ ಮಾಸ್‌ಫೆಟ್ ಇವುಗಳಲ್ಲಿ ಯಾವುದೆಂದು ಹಿಡಿದು, ಅದಷ್ಟನ್ನೇ ಬದಲಿಸಿ ಕೊಡುತ್ತಾರೆ. ಮರದ ಪುಡಿ ತೇವ ಹೀರಿ ಟ್ರ್ಯಾಕ್‌ಗಳ ಮೇಲೆ ಕೂತದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ವಾರ್ನಿಶ್ ಹಚ್ಚುವವರನ್ನೂ ಕಂಡಿದ್ದೇನೆ. ವಿಎಫ್‌ಡಿ ಬಿಚ್ಚುವ ಮುನ್ನ, ಮೇನ್ ತೆಗೆದ ಮೇಲೂ ಒಳಗೆ ಉಳಿಯುವ ಸುಮಾರು 325 ವೋಲ್ಟ್ ಇಳಿಯಲು ಕಾದು, ಮೀಟರಿನಿಂದ ಖಚಿತಪಡಿಸಿಕೊಳ್ಳುವ ಶಿಸ್ತು ಅವರಿಗಿದೆ.

ಇಷ್ಟು ಬಲ್ಲವರಿಂದಲೇ ನಾನು ಇನ್ನೊಂದನ್ನು ಕೇಳುವುದು. ದೋಷ ಹುಡುಕುವಾಗ ಎಮರ್ಜೆನ್ಸಿ ಬಟನ್ನಿನ ಟರ್ಮಿನಲ್‌ಗಳಿಗೆ ತಂತಿ ಹಾಕಿ ಶಾರ್ಟ್ ಮಾಡಿದ್ದರೆ, ಯಂತ್ರ ಹಿಂತಿರುಗಿಸುವ ಮುನ್ನ ಆ ತುಂಡನ್ನು ತೆಗೆಯಬೇಕು. ಬಟನ್ನಿನ ತಲೆಯಿಂದ ಕಾಂಟ್ಯಾಕ್ಟ್ ಬ್ಲಾಕ್ ಕಳಚಿಕೊಂಡಿದೆಯೇ ನೋಡಬೇಕು, ಏಕೆಂದರೆ ಕಳಚಿದ್ದರೆ ಎಷ್ಟು ಒತ್ತಿದರೂ ಸರ್ಕ್ಯೂಟ್ ಕಡಿಯುವುದಿಲ್ಲ. ಬಳಿಕ ಸ್ಪಿಂಡಲ್ ಓಡುತ್ತಿರುವಾಗಲೇ, ಮರ ಮುಟ್ಟದ ಎತ್ತರದಲ್ಲಿ, ಬಟನ್ ಒತ್ತಿ ನಿಲ್ಲುವುದನ್ನು ಮಾಲೀಕರಿಗೆ ತೋರಿಸಬೇಕು. ಬಟನ್ ಬಿಡಿಸಿದಾಗ ಮತ್ತೆ ಓಡದೆ ಇರುವುದನ್ನೂ, ಮೇನ್ ತೆಗೆದು ಹಾಕಿದಾಗ ತಾನಾಗಿ ಶುರುವಾಗದೆ ಇರುವುದನ್ನೂ ಅವರ ಎದುರಿಗೇ ನೋಡಬೇಕು. ಇದಕ್ಕೆ ಐದು ನಿಮಿಷ ಸಾಕು. ಕಾಂಟ್ಯಾಕ್ಟರ್ ಇಲ್ಲದ ಯಂತ್ರವಾದರೆ, ಹೊಸದಾಗಿ ಕೂರಿಸಲು ಎಷ್ಟು ಖರ್ಚಾಗುತ್ತದೆಂದು ರಿಪೇರಿಯ ಬಿಲ್ಲಿನಲ್ಲೇ ಬರೆದುಕೊಡಬಹುದು.